ಕರಡಿಯ ಬೆನ್ನಿನ ಜಿಪ್

ಅಕ್ಕಾ,

ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ಇವತ್ತು ಕಾಲೇಜಿನ ಕ್ರೀಡೋತ್ಸವದಲ್ಲಿ ಮೈಕ್ ಹಿಡಿಯುವವಳು ನಾನೇ ಎಂದು ಅಮ್ಮನಿಗೆ ಹೇಳಿದ್ದು ಸುಳ್ಳು. ನಾನು ಮೈದಾನದಲ್ಲಿ ಕುಣಿಯುವ ಕರಡಿ. ನಗಬೇಡ. ಮೊದಲ ವರ್ಷದ ಮೀಟಿಂಗಿನಲ್ಲಿ "ಏನ್ ಕೆಲಸ ಕೊಟ್ರೂ ಮಾಡ್ತೀನಿ" ಅಂದುಬಿಟ್ಟೆ, ಆ ವೇಷ ನನ್ನ ಅಳತೆಗೇ ಸರಿಹೋಯಿತು. ಮೂರು ವರ್ಷವಾಯಿತು. ಬಿಡುತ್ತೇನೆ ಎಂದಾಗಲೆಲ್ಲ ಮತ್ತೆ ನನ್ನ ತಲೆಗೇ ಕಟ್ಟುತ್ತಾರೆ.

ಅಮ್ಮ ಬೀದಿಗೆಲ್ಲ ಡಂಗುರ ಸಾರಿದ್ದಾಳೆ. ನೋಡಲು ಬರುವಾಗ ನಿಮ್ಮಿಬ್ಬರ ಜೊತೆ ಪಕ್ಕದ ಮನೆ ಆಂಟಿಯೂ ಹೊರಟರೆ ಹೇಗಾದರೂ ತಪ್ಪಿಸು. ಅಮ್ಮನನ್ನು ನೆರಳಲ್ಲಿ ಕೂರಿಸು, ಕೊಡೆ ಮರೆಯಬೇಡ.

ಮಧ್ಯಾಹ್ನ ಓಟದ ಪಂದ್ಯ ಮುಗಿದ ಕೂಡಲೇ ವೇದಿಕೆಯ ಹಿಂದೆ ಬಾ, ನೀರು ತಾ. ವೇಷದ ಜಿಪ್ ಇರುವುದು ಬೆನ್ನಿನ ಮೇಲೆ, ನನ್ನ ಕೈಗೆ ಎಟುಕುವುದಿಲ್ಲ. ಹೋದ ವರ್ಷ "ಯಾರಾದ್ರೂ ತೆಗೀರೋ" ಎಂದು ಒಳಗಿನಿಂದ ಕೂಗಿದೆ. ಕರಡಿ ತಮಾಷೆ ಮಾಡುತ್ತಿದೆ ಎಂದುಕೊಂಡು ಚಪ್ಪಾಳೆ ತಟ್ಟಿ ಎಲ್ಲರೂ ಊಟಕ್ಕೆ ಹೋದರು.

ಸಂಜೆ ಅಮ್ಮನಿಗೆ ನಾನೇ ನಿಜ ಹೇಳುತ್ತೇನೆ, ನೀನು ಬಾಯಿ ಬಿಡಬೇಡ. ಆದರೆ ಅವಳು ವೇದಿಕೆಯ ಮೇಲೆ ನನ್ನನ್ನು ಹುಡುಕುತ್ತಿರುವಾಗ ಕರಡಿ ಬಂದು ಕೈ ಹಿಡಿದುಕೊಂಡರೆ, ಕೊಡವಿಕೊಳ್ಳದ ಹಾಗೆ ನೋಡಿಕೋ.