'ಹೋದೆವು' ಎಂಬ ತಿದ್ದುಪಡಿ

ಸಂಪಾದಕರಿಗೆ ನಮಸ್ಕಾರ.

ಈ ವಾರದ ನನ್ನ 'ಪೇಟೆ ಸುತ್ತಾಟ' ಅಂಕಣ ಅಚ್ಚಾದದ್ದು ನೋಡಿದೆ. ಬಟ್ಟೆ ಅಂಗಡಿಯ ಉದ್ಘಾಟನೆಗೆ 'ಹೋದೆ' ಎಂದು ಬರೆದಿದ್ದೆ. ನಿಮ್ಮ ಕರಡು ತಿದ್ದುವವರು ಎಲ್ಲ ಕಡೆ 'ಹೋದೆವು, ನಕ್ಕೆವು' ಎಂದು ಮಾಡಿದ್ದಾರೆ. ಅವರ ತಪ್ಪಲ್ಲ. ಹನ್ನೊಂದು ವರ್ಷದಿಂದ ನಾನು ಹಾಗೇ ಬರೆದವಳು.

ಹೋದ ವರ್ಷ ಇಂಥದೇ ಉದ್ಘಾಟನೆಯಲ್ಲಿ ಸಿನಿಮಾ ನಟನನ್ನೇ ಅಂಗಡಿಯವನೆಂದು ತಿಳಿದು, "ಏನಪ್ಪಾ, ಬನಿಯನ್ ಯಾವ ಮಹಡೀಲಿದೆ?" ಎಂದು ಕೇಳಿದ್ದರಲ್ಲ, ಆ ನಮ್ಮ ಯಜಮಾನರು ತೀರಿಕೊಂಡು ಎರಡು ತಿಂಗಳಾಯಿತು. ತಿಳಿಸಿದರೆ ನೀವು ನನ್ನಿಂದ ನಗೆಬರಹ ಕೇಳುವುದನ್ನೇ ಬಿಡುತ್ತೀರೆಂದು ತಿಳಿಸಲಿಲ್ಲ.

ಈ ಸಲವೂ ಅದೇ ನಟ ಬಂದಿದ್ದರು. ನನ್ನನ್ನು ಗುರುತು ಹಿಡಿದು, "ಏನಮ್ಮಾ, ನಮ್ಮ ಬನಿಯನ್ ಯಜಮಾನ್ರು ಬರ್ಲಿಲ್ವಾ?" ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ಕಾಲು ನೋವು ಅಂದೆ. ಮನೆಗೆ ಬಂದು, ಆ ಮಾತು ಬಿಟ್ಟು ಉಳಿದ ತಮಾಷೆಯನ್ನೆಲ್ಲ ಕಟ್ಟಿ ಬರೆದೆ.

'ಹೋದೆವು' ಎಂದು ಬರೆಯಲು ನನಗೆ ಕೈಯೇ ಏಳುವುದಿಲ್ಲ. ಮುಂದೆಯೂ 'ಹೋದೆ' ಎಂದೇ ಬರೆದು ಕಳಿಸುತ್ತೇನೆ. ಕರಡು ತಿದ್ದುವವರಿಗೆ ಮಾತ್ರ ದಯವಿಟ್ಟು ಏನೂ ಹೇಳಬೇಡಿ; ಅವರು ಎಂದಿನಂತೆ ತಿದ್ದುತ್ತಿರಲಿ.

ಇಂತಿ,
ನಿಮ್ಮ ಸುತ್ತಾಟದವಳು