ಹನಿ ದುಂಡಗೆ ನಿಲ್ಲುವ ಜಾಗ

ಸಿಕ್ಸ್ಟೆನ್,

ಪಕ್ಕದ ಮನೆಯ ಹಿಲ್ಡಿಂಗ್ ಇವತ್ತು, ನಾನು ಕೇಳದಿದ್ದರೂ, ನಿನ್ನ ಕಾರು ತೊಳೆದುಕೊಟ್ಟ. ಲಾರಿಗಳಿಗೆ ಬಳಸುವ ತೀಕ್ಷ್ಣವಾದ ಕ್ಷಾರದ ನೊರೆ ಹೊಡೆದು, “ಚಳಿಗಾಲದಲ್ಲಿ ಹಿಮ ಕರಗ್ಸೋಕೆ ರಸ್ತೆಗ್ ಹಾಕಿದ್ ಉಪ್ಪೆಲ್ಲಾ ಹೆಂಗ್ ಕಿತ್ಕೊಂಡ್ ಬಂತು ನೋಡು ಗುನ್ವೋರ್! ನಿನ್ ಗಂಡ ಜನ್ಮದಲ್ಲಿ ಹಿಂಗ್ ತೊಳ್ದಿರ್ಲಿಲ್ಲ” ಎಂದು ನಕ್ಕ.

ಉಪ್ಪಿನ ಜೊತೆ ಕಾರಿನ ಬಣ್ಣ ಕಾಯುವ ಮೇಣವೂ ಹೋಗಿತ್ತು. ನೀನು ಕೊನೆಯ ಸಲ ಆಸ್ಪತ್ರೆಗೆ ಹೋಗುವ ಹಿಂದಿನ ದಿನ, ಸುಸ್ತಾದಾಗ ಕೂತು, ಮತ್ತೆ ಎದ್ದು ಉಜ್ಜಿದ್ದ ಮೇಣ. ಹಿಲ್ಡಿಂಗ್‌ಗೆ ಕಾಫಿ ಕೊಟ್ಟೆ. ದಾಲ್ಚಿನ್ನಿ ಬನ್ನೂ ಕೊಟ್ಟೆ.

ಸಂಜೆ ಮಳೆ ಬಂತು. ಮೇಣವಿದ್ದಾಗ ಬಾನೆಟ್ ಮೇಲೆ ಮಣಿಮಣಿಯಾಗಿ ನಿಲ್ಲುತ್ತಿದ್ದ ನೀರು ಈಗ ಚಪ್ಪಟೆಯಾಗಿ ಹರಡಿಕೊಂಡಿತು. ಪೆಟ್ರೋಲ್ ಮುಚ್ಚಳ ತೆರೆದು ನೋಡಿದೆ. ಅದರ ಒಳಬದಿಗೆ ಮಾತ್ರ ನೊರೆ ತಾಗಿರಲಿಲ್ಲ. ಯಾರೂ ನೋಡದ ಅಲ್ಲಿಗೂ ನೀನು ಮೇಣ ಹಚ್ಚಿದ್ದೆ. ಅಲ್ಲಿ ಬಿದ್ದ ಮಳೆಹನಿ ದುಂಡಗೆ ನಿಂತಿತು.

ಇನ್ನು ಪೆಟ್ರೋಲ್ ಹಾಕಿಸುವುದಕ್ಕೆ, ಆ ಮುಚ್ಚಳ ತೆರೆಯುವುದಕ್ಕೆ, ನಾನೇ ಹೋಗುತ್ತೇನೆ.