ಎಡಗಡೆಯ ಪೈನ್ ಕುಡಿ

ಬೋಡನ್‌ಟಾಲ್
13 ಅಕ್ಟೋಬರ್ 2014, ಸೋಮವಾರ

ಪ್ರೀತಿಯ ಒಟೀಲಿ,

ಯೇಸುಸ್ವಾಮಿಗೆ ಸ್ತೋತ್ರ. ಲಕೋಟೆಯ ಮೇಲಿನ ಅಕ್ಷರ ನೋಡಿದಾಗಲೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಒಡೆಯದೆ ಒಲೆಗೆ ಹಾಕಿರಲಾರೆ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಆರು ವರ್ಷದ ಮೇಲೆ ಬರೆಯುವ ಕಾಗದದಲ್ಲಿ ಮೊದಲು ಕ್ಷೇಮ ಕೇಳಬೇಕು, ಕೇಳುತ್ತೇನೆ. ಮಂಡಿನೋವು ಹೇಗಿದೆ? ಲೆಸಾಖ್ ಕಣಿವೆಯ ಚಳಿ ಒಗ್ಗಿತೇ? ತಂಗಿಯ ಮನೆಯಲ್ಲಿ ನಿನ್ನದೇ ಅನ್ನುವ ಒಂದು ಕೋಣೆ ಇದೆಯೇ?

ಆದರೆ ಬರೆಯಲು ಕೂತದ್ದು ಅದಕ್ಕಲ್ಲ. ನಿನ್ನಿಂದ ಒಂದು ಒಪ್ಪಿಗೆ ಬೇಕು. ಭಾನುವಾರದೊಳಗೆ ಬೇಕು. ಮುಂದಿನ ಸೋಮವಾರ ಒಂದು ಉಕ್ಕಿನ ತಟ್ಟೆ ಬೆಂಕಿಗೆ ಹೋಗುತ್ತದೆ. ಹೋದ ಮೇಲೆ ಅದರ ಮೇಲಿರುವುದನ್ನು ಯಾರೂ ತಿದ್ದಲಾಗುವುದಿಲ್ಲ. ನಾವಿಬ್ಬರೂ ಮಾತು ಬಿಟ್ಟದ್ದು ಯಾಕೆ ಎಂಬುದನ್ನು ಈಗ ಕೆದಕುವುದಿಲ್ಲ. ತಟ್ಟೆಯ ವಿಷಯ ಮಾತ್ರ ಹೇಳುತ್ತೇನೆ.

ನಿನ್ನ ಯಜಮಾನರು ಲೋಯಿಸಣ್ಣ ಬಂಡೆಯಿಂದ ಜಾರಿ ತೀರಿಕೊಂಡ ದಿನದಿಂದ ನಮ್ಮ ರೂಪರ್ಟ್ ಕೋವಿ ಮುಟ್ಟಿಲ್ಲ. ಅವತ್ತು ಇವರ ಹೆಗಲಲ್ಲಿದ್ದ ಕೋವಿ ಬೀರುವಿನಲ್ಲಿ ಬೀಗದೊಳಗೆ ಕೂತಿದೆ. ಬೆಟ್ಟದ ಕಡೆಯ ಕಿಟಕಿ ತೆರೆದರೆ ಎದ್ದು ಹೋಗಿ ಒಲೆಯ ಪಕ್ಕ ಕೂರುತ್ತಾರೆ. ನಲವತ್ತು ವರ್ಷ ಕಾಡುಮೇಕೆಯ ಹಿಂದೆ ಬಂಡೆ ಹತ್ತಿದ ಗಂಡಸು ಒಲೆಗೆ ಅಂಟಿಕೊಂಡದ್ದನ್ನು ನೋಡುವುದು ಎಂಥ ಕಷ್ಟವೆಂದು ನಿನಗೆ ಹೇಳಬೇಕಿಲ್ಲ. ಈ ವರ್ಷ ಅವರಿಗೆ ಅರವತ್ತು. ಹಳೆಯ ಕೋವಿಗೆ ನೆನಪು ಅಂಟಿದೆ, ನೆನಪಿಲ್ಲದ ಹೊಸದೊಂದನ್ನು ಮಾಡಿಸೋಣ, ನವೆಂಬರಿನಲ್ಲಿ ಬೇಟೆಗಾರರ ಪಾಲಕ ಹುಬೆರ್ತ ಸಂತರ ಹಬ್ಬದ ಪೂಜೆಯಲ್ಲಿ ಫಾದರ್ ಕೈಯಿಂದ ಆಶೀರ್ವಾದ ಮಾಡಿಸಿ ಕೊಡೋಣ ಎಂದುಕೊಂಡೆ. ಇವರಿಗೆ ಹೇಳದೆ, ಇವರ ಉಣ್ಣೆ ಕೋಟನ್ನು ಕಂಕುಳಲ್ಲಿಟ್ಟುಕೊಂಡು ಫೆರ್ಲಾಖ್‌ಗೆ ಬಸ್ಸು ಹತ್ತಿದೆ.

ಕೋವಿ ಮಾಡುವ ಕೊಲೊಮಾನ್ ಕೋಟು ನೋಡಿ ನಕ್ಕುಬಿಟ್ಟ. “ಗಂಡನ್ನ ಕರ್ಕೊಂಡು ಬಾ ಅಂದ್ರೆ ಕೋಟು ತಂದಿದೀಯಲ್ಲಮ್ಮ, ಕೋಟಿಗೆ ಕೋವಿ ಮಾಡ್ಕೊಡ್ಲಾ?” ಅಂದ.

“ಮೂವತ್ತು ವರ್ಷದಿಂದ ಇದರ ಹೊಲಿಗೆ ಬಿಚ್ಚಿ ಹಾಕ್ತಿರೋಳು ನಾನು. ಅವರ ತೋಳು ಎಷ್ಟುದ್ದ, ಯಾವ ಹೆಗಲು ಇಳಿದಿದೆ ಅಂತ ಅವರಿಗಿಂತ ನನಗೇ ಚೆನ್ನಾಗಿ ಗೊತ್ತು, ಬರ್ಕೋ,” ಅಂದೆ. ಬರೆದುಕೊಂಡ.

ಒಂಟಿ ನಳಿಗೆಯದು, ಹಗುರ, ನಡುವೆ ಮಡಚಿ ಗುಂಡು ತುಂಬುವಂಥದ್ದು. ಹಿಡಿಗೆ ಅಕ್ರೋಟು ಮರ. ನಳಿಗೆಯ ಬುಡದ ಎರಡು ಪಕ್ಕಕ್ಕೂ ಕೆತ್ತನೆ ಮಾಡಿದ ಒಂದೊಂದು ಚಪ್ಪಟೆ ಉಕ್ಕಿನ ತಟ್ಟೆ. ಒಂದರ ಮೇಲೆ ಕೊಂಬಿನ ನಡುವೆ ಶಿಲುಬೆ ಹೊತ್ತ ಹುಬೆರ್ತರ ಸಾರಂಗ, ಇನ್ನೊಂದರ ಮೇಲೆ ನಮ್ಮವರ ಮುಖ, ತಲೆಗೆ ಟೋಪಿ, ಟೋಪಿಗೆ ಪೈನ್ ಕುಡಿ. ಮುಖಕ್ಕೆ ಫೋಟೊ ಬೇಕೆಂದರು. ಬೇಟೆಯ ಹಸಿರು ಉಡುಪಿನಲ್ಲಿ ಮುಖ ಎದುರಾಗಿರುವ ಫೋಟೊ ನಮ್ಮಲ್ಲಿ ಒಂದೇ ಇತ್ತು, ಅದೂ ಅರ್ಧ ಮಾತ್ರ ಉಳಿದಿತ್ತು. ಕೊಟ್ಟೆ.

ಮೊದಲ ತಪ್ಪು ಮರದ್ದು. ಸೆಪ್ಟೆಂಬರಿನಲ್ಲಿ ನೋಡಲು ಹೋದರೆ ಹಿಡಿ ಥಳಥಳ ಹೊಳೆಯುತ್ತಿತ್ತು. ಬಗ್ಗಿದರೆ ನನ್ನ ತಲೆವಸ್ತ್ರ ಅದರಲ್ಲಿ ಕಾಣುತ್ತಿತ್ತು. ಕೈ ಜಾರದಿರಲಿ ಎಂದು ಕೊರೆದ ಸಣ್ಣ ಚೌಕಗಳಲ್ಲಿ ಎಣ್ಣೆ ಇಳಿದು, ಪಾಕದಂತೆ ಗಟ್ಟಿಯಾಗಿ ಕೂತಿತ್ತು.

“ಇದೇನು ಕೋವಿಯೋ ಪಿಯಾನೋನೋ?” ಅಂದೆ.

ಕೊಲೊಮಾನನಿಗೆ ಸಿಟ್ಟು ಬಂತು. “ವಿಯೆನ್ನಾದಿಂದ ಬರೋರು ಇದಕ್ಕೇ ಅಂತ ಬರ್ತಾರೆ. ಅವರಿಗೆ ಮಿಂಚು ಬೇಕು.”

“ನಮ್ಮವರಿಗೆ ಮೇಕೆ ಬೇಕು. ಇದನ್ನ ಹೊತ್ಕೊಂಡು ಹೋದ್ರೆ ಆಚೆ ಗುಡ್ಡದ ಮೇಕೆ ಇದರಲ್ಲಿ ಮುಖ ನೋಡ್ಕೊಂಡು ಓಡಿ ಹೋಗುತ್ತೆ.”

ಗೊಣಗಿದ. ಆದರೆ ಮಾಡಿದ. ಹೊಳಪನ್ನೆಲ್ಲ ಕೆರೆದು ತೆಗೆದು, ಚೌಕಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಮರವನ್ನು ಬರಿದು ಮಾಡಿ, ಅಗಸೆ ಎಣ್ಣೆಯನ್ನು ಅಂಗೈಯಿಂದಲೇ ತೆಳುವಾಗಿ ಉಜ್ಜಿ, ಒಣಗಲು ಬಿಟ್ಟು, ಮತ್ತೆ ಉಜ್ಜಿ, ಮೂರು ವಾರ ಅದೇ ಕೆಲಸ. ಒಂದು ಸಲ ನಾನೇ ಕೂತು ಉಜ್ಜಿದೆ. ಎಷ್ಟು ಹೊತ್ತು ಅಂತ ಕೇಳಿದರೆ “ಮರ ಬೆಚ್ಚಗಾಗೋವರೆಗೆ” ಅಂದ. ಜಪಸರದ ಹತ್ತು ಮಣಿ ಮುಗಿಯುವಷ್ಟರಲ್ಲಿ ಬೆಚ್ಚಗಾಯಿತು. ಈಗ ಅದು ನೆನೆದ ನೆಲದ ಬಣ್ಣಕ್ಕೆ ಬಂದಿದೆ. ಹೊಳಪಿಲ್ಲ, ಜೀವವಿದೆ.

ಎರಡನೆಯದು ಹೋದ ಗುರುವಾರ. ಕೆತ್ತನೆ ಮುಗಿದಿದೆ ಎಂದು ಹೇಳಿ ಕಳಿಸಿದ್ದರು. ಕೆತ್ತುವವಳು ಮಿಲ್ಕಾ ಅಂತ, ಮೂವತ್ತರ ಹೆಣ್ಣು, ಮಾತು ಕಡಿಮೆ. ಸಾರಂಗ ಚೆನ್ನಾಗಿತ್ತು. ಶಿಲುಬೆ ನೋಡಿ ಕೈ ಮುಗಿದೆ. ಇನ್ನೊಂದು ತಟ್ಟೆ ತಿರುಗಿಸಿದಳು. ನಮ್ಮವರೇ! ಹುಬ್ಬಿನ ಗಾಯದ ಗುರುತು ಕೂಡ ಬಿಟ್ಟಿರಲಿಲ್ಲ. ಆಮೇಲೆ ಟೋಪಿ ನೋಡಿದೆ. ಕುಡಿ ಎಡಗಡೆಗಿತ್ತು.

ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು, ಬೇಟೆ ಸಿಕ್ಕವನು ಕುಡಿಯನ್ನು ಬಲಕ್ಕೆ ಸಿಕ್ಕಿಸುತ್ತಾನೆ, ಹೆಣದ ಹಿಂದೆ ನಡೆಯುವವನು ಎಡಕ್ಕೆ. ನನಗೆ ಬಾಯಿ ಬಿಸಿಯಾಯಿತು. ದೇವರು ಕ್ಷಮಿಸಲಿ.

“ಬದುಕಿರೋ ಗಂಡಸಿನ ತಲೆ ಮೇಲೆ ಸಾವು ಕೂರಿಸಿದೀಯಲ್ಲೇ! ಚಿತ್ರ ಇಳಿಸ್ಕೊಳ್ಳುವಾಗ ಎಡಬಲ ತಿರುಗಾಮುರುಗಾ ಮಾಡಿದೀಯ. ಕಣ್ಣು ಎಲ್ಲಿಟ್ಟಿದ್ದೆ?” ಎಂದು ಅಂಗಡಿಯವರೆಲ್ಲ ಕೆಲಸ ನಿಲ್ಲಿಸುವ ಹಾಗೆ ಕೂಗಿದೆ.

ಆ ಹುಡುಗಿ ಉಳಿ ಕೆಳಗಿಟ್ಟು, ಒಂದು ಸಲ ಮೂಗೊರೆಸಿಕೊಂಡು, ಮೆಲ್ಲಗೆ ಹೇಳಿದಳು. “ತಿರುಗಾಮುರುಗಾ ಆಗಿದ್ರೆ ಕೋಟಿನ ಗುಂಡಿನೂ ತಿರುಗಬೇಕಿತ್ತಲ್ಲಮ್ಮ? ನೋಡಿ, ಗಂಡಸರ ಕೋಟಿಗೆ ಎಲ್ಲಿರಬೇಕೋ ಅಲ್ಲೇ ಇದೆ.” ಆಮೇಲೆ ನನ್ನದೇ ಫೋಟೊವನ್ನು ಭೂತಗನ್ನಡಿಯ ಕೆಳಗಿಟ್ಟಳು. ಕುಡಿ ಎಡಕ್ಕೇ ಇತ್ತು.

ಲೋಯಿಸಣ್ಣನನ್ನು ಮಣ್ಣು ಮಾಡಿದ ದಿನದ ಫೋಟೊ ಅದು, ಒಟೀಲಿ. ಸ್ಮಶಾನದ ಗೇಟಿನ ಹತ್ತಿರ ತೆಗೆದದ್ದು. ಕೊಡುವಾಗ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅದು ಯಾವ ದಿನದ್ದೆಂದು ನೆನಪು ಮಾಡಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ಮುಖ ನೋಡಿದೆ, ಮುಖ ಚೆನ್ನಾಗಿತ್ತು, ಕೊಟ್ಟೆ. ಅಷ್ಟೆ.

ಮಿಲ್ಕಾ ಇನ್ನೊಂದು ಕೇಳಿದಳು. “ಹೆಗಲ ಮೇಲೆ ಕೋಟು ನಾಲ್ಕು ಮಡಿಕೆ ಬಿದ್ದಿದೆಯಲ್ಲಮ್ಮ, ಮೂರನೇದು ಯಾಕೋ ಸೊಟ್ಟ. ಬೆನ್ನುಚೀಲದ ಪಟ್ಟಿನಾ? ನನಗೆ ಗೊತ್ತಾಗ್ಲಿಲ್ಲ, ಇದ್ದ ಹಾಗೇ ಕೆತ್ತಿಬಿಟ್ಟೆ.”

ನಾನು ಭೂತಗನ್ನಡಿಗೆ ಮುಖ ತಂದೆ. ಕತ್ತರಿಸಿದ ಅಂಚಿಗೆ ಸರಿಯಾಗಿ ನಾಲ್ಕು ಬೆರಳು. ಮೂರನೆಯದು ಸೊಟ್ಟ. ಹಸುವಿನ ಸರಪಳಿಗೆ ಸಿಕ್ಕಿ ಮುರಿದ ನಿನ್ನ ಉಂಗುರದ ಬೆರಳು. ಎರಡು ಚಮಚದ ನಡುವೆ ಇಟ್ಟು ಅದನ್ನು ಕಟ್ಟಿದವಳು ನಾನೇ. “ನೆಟ್ಟಗೆ ಕಟ್ಟಲಿಲ್ಲ, ನಿನ್ನ ಕೈಗೆ ಕೊಟ್ಟರೆ ಕರುವಿನ ಕಾಲೂ ಹಿಂದು ಮುಂದು” ಎಂದು ನೀನು ವರ್ಷಗಟ್ಟಲೆ ಆಡಿಕೊಂಡೆ. ಈಗ ಅದು ಉಕ್ಕಿನಲ್ಲಿ ಕೂತಿದೆ.

ಮಿಲ್ಕಾ ಹೇಳುವ ಪ್ರಕಾರ ಎರಡನ್ನೂ ತಿದ್ದಬಹುದು. ಎಡಗಡೆಯ ಕುಡಿ ಕೆರೆದು ಬಲಕ್ಕೆ ಬೇರೆ ಕೆತ್ತುವುದು, ಬೆರಳುಗಳನ್ನು ಉಜ್ಜಿ ಕೋಟಿನ ಬಟ್ಟೆ ಮಾಡುವುದು. “ಆದ್ರೆ ಸೋಮವಾರದ ಒಳಗೆ ಹೇಳ್ಬೇಕು. ಈಗ ಉಕ್ಕು ಮೆತ್ತಗಿದೆ. ಬೆಂಕೀಲಿ ಹದ ಹಾಕಿದ್ಮೇಲೆ ಗಾಜಿನ ಹಾಗೆ, ಉಳಿ ಜಾರುತ್ತೆ,” ಅಂದಳು. ಮರುದಿನ ಅವಳಿಗೆ ಪುದೀನ ಹಾಕಿದ ಗಿಣ್ಣಿನ ಕಡುಬು ಮಾಡಿಕೊಂಡು ಹೋಗಿ ತಪ್ಪಾಯಿತು ಅಂದೆ. ಕಡುಬಿನ ಅಂಚು ನಿನ್ನಷ್ಟು ಸಣ್ಣಗೆ ಮಡಚಲು ನನಗೆ ಇವತ್ತಿಗೂ ಬರುವುದಿಲ್ಲ.

ನಿನ್ನೆ ಪೂಜೆ ಮುಗಿಸಿ ಬಂದು ನಮ್ಮವರಿಗೆ ಎಲ್ಲ ಹೇಳಿ ಫೋಟೊ ಕೈಗೆ ಕೊಟ್ಟೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಕಿಟಕಿಯ ಹತ್ತಿರ ಹೋದರು. ಆರು ವರ್ಷದಲ್ಲಿ ಅವರು ತಾವಾಗಿ ಆ ಕಿಟಕಿಯ ಹತ್ತಿರ ಹೋದದ್ದು ಅದೇ ಮೊದಲು.

“ಅವತ್ತು ಊರವರು ಯಾರೂ ನನ್ನ ಹತ್ರ ಬಂದು ನಿಲ್ಲಲಿಲ್ಲ ಬುರ್ಗಿ. ಇಬ್ಬರು ಹೋಗಿ ಒಬ್ಬ ಬಂದಿದ್ದೆ ನೋಡು. ಒಟೀಲಿ ಬಂದು ಹೆಗಲ ಮೇಲೆ ಕೈ ಇಟ್ಳು. ‘ರೂಪರ್ಟಣ್ಣ, ಹಗ್ಗ ಬೇಡ ಅಂದಿದ್ದು ಅವರೇ ಅಂತ ನನಗ್ಗೊತ್ತು, ಇದನ್ನ ನೀವು ಹೊರಬೇಡಿ’ ಅಂತ ಕಿವೀಲಿ ಅಂದ್ಳು,” ಅಂದರು.

“ನನಗೆ ಯಾಕೆ ಹೇಳ್ಲಿಲ್ಲ?” ಅಂದೆ.

“ನೀನು ಅವಳ ಹೆಸರು ಎತ್ತೋಕೆ ಬಿಟ್ಯಾ?”

ಬಿಟ್ಟಿರಲಿಲ್ಲ.

ಕೋವಿಗೆ ಏನು ಮಾಡಿಸಲಿ ಎಂದು ಕೇಳಿದೆ. “ಆ ಕೈ ಅಳಿಸಿದ್ರೆ ನನಗೆ ಆ ಕೋವಿ ಬೇಡ. ಕುಡಿನೂ ಎಡಕ್ಕೇ ಇರ್ಲಿ, ಅವನಿಗೆ ಇಟ್ಟಿದ್ದಲ್ವಾ. ಎರಡೂ ಇದ್ರೆ ಹುಬೆರ್ತರ ಪೂಜೆಗೆ ಹೆಗಲಿಗೆ ಹಾಕ್ಕೊಂಡು ಬರ್ತೀನಿ. ಆದ್ರೆ ಅವಳನ್ನ ಕೇಳು. ಕೈ ಅವಳದು, ಸತ್ತೋನು ಅವಳ ಗಂಡ. ನಾವಿಬ್ಬರೇ ಕೂತು ತೀರ್ಮಾನ ಮಾಡೋದಲ್ಲ,” ಅಂದರು.

ಆದ್ದರಿಂದ ಕೇಳುತ್ತಿದ್ದೇನೆ. ಕೆದಕುವುದಿಲ್ಲ ಎಂದು ಮೇಲೆ ಬರೆದೆ. ಕೆದಕದೆ ಕೇಳುವ ಮುಖ ನನಗಿಲ್ಲ. ಆ ಚಳಿಗಾಲದಲ್ಲಿ ಇವರು ನಿನ್ನ ಮನೆಯ ಸೌದೆ ಸೀಳಿ ಕೊಡುತ್ತಿದ್ದರು. ಬೇಕರಿಯವಳು ನಕ್ಕು, “ಬುರ್ಗಿ, ನಿಮ್ಮನೆ ಸೌದೆ ಯಾರಮ್ಮ ಸೀಳ್ತಾರೆ?” ಎಂದು ಒಂದು ಮಾತು ಅಂದಳು. ಆ ಒಂದು ಮಾತನ್ನು ನಾನು ಮನೆಗೆ ತಂದು ಸಾಕಿ ದೊಡ್ಡದು ಮಾಡಿದೆ. ಫೆಬ್ರವರಿಯ ಮೇಣದಬತ್ತಿ ಹಬ್ಬದ ದಿನ ಇಗರ್ಜಿಯ ಮೆಟ್ಟಿಲ ಮೇಲೆ, ಕೈಯಲ್ಲಿ ಮಂತ್ರಿಸಿದ ಬತ್ತಿ ಹಿಡಿದುಕೊಂಡೇ, “ಸೌದೆ ಸೀಳೋಕೆ ಗಂಡಸು ಬೇಕಿದ್ರೆ ಇನ್ನೊಬ್ಬಳ ಬಾಗಿಲು ತಟ್ಟಬೇಡ” ಎಂದು ಎಲ್ಲರ ಎದುರು ನಿನಗೆ ಅಂದೆ. ಗಂಡನನ್ನು ಮಣ್ಣು ಮಾಡಿ ನಾಲ್ಕು ತಿಂಗಳಾಗಿದ್ದವಳಿಗೆ ಅಂದೆ. ಹಿಮ ಕರಗಿದ ಮೇಲೆ ನೀನು ಮನೆಗೆ ಬೀಗ ಹಾಕಿ ತಂಗಿಯ ಮನೆಗೆ ಹೋದೆ.

ಈ ಪಾಪವನ್ನು ನಾನು ಪಾಪನಿವೇದನೆಯಲ್ಲಿ ಹೇಳಿದ್ದೇನೆ, ಒಂದು ಸಲವಲ್ಲ. ಕೊನೆಯ ಸಲ ಫಾದರ್, “ದೇವರ ಹತ್ರ ಕೇಳಿದ್ದಾಯ್ತಲ್ಲಮ್ಮ, ಅವಳ ಹತ್ರ ಯಾವಾಗ ಕೇಳ್ತೀಯ?” ಅಂದರು. ಈಗ ಕೇಳುತ್ತಿದ್ದೇನೆ. ತಪ್ಪು ನನ್ನದು, ನಿನ್ನದು ಒಂದು ಚೂರೂ ಇರಲಿಲ್ಲ.

ಇದನ್ನು ಆ ಒಪ್ಪಿಗೆಗೆ ಗಂಟು ಹಾಕಬೇಡ. ನನ್ನನ್ನು ಕ್ಷಮಿಸದೆಯೂ ನೀನು ಕೈ ಇರಲಿ ಅನ್ನಬಹುದು, ಕ್ಷಮಿಸಿಯೂ ಅಳಿಸು ಅನ್ನಬಹುದು. ಅಳಿಸು ಅಂದರೆ ಮಿಲ್ಕಾ ಅಳಿಸುತ್ತಾಳೆ, ಕೋವಿ ಬೇರೆಯವರಿಗೆ ಹೋಗುತ್ತದೆ, ನಮ್ಮವರು ಒಲೆಯ ಪಕ್ಕ ಕೂರುತ್ತಾರೆ. ನಾನು ಯಾರನ್ನೂ ದೂರುವುದಿಲ್ಲ. ಕಾರ್ಡಿನಲ್ಲಿ ಒಂದು ಸಾಲು ಸಾಕು. ಫೋನ್ ಮಾಡಿದರೂ ಸರಿ, ನಂಬರು ಅದೇ.

ಲೋಯಿಸಣ್ಣನ ಸಮಾಧಿಗೆ ಪ್ರತಿ ಶನಿವಾರ ದೀಪ ಹಚ್ಚುತ್ತಿದ್ದೇನೆ. ನೀನು ಊರು ಬಿಟ್ಟ ವಾರದಿಂದ ಒಂದೂ ತಪ್ಪಿಸಿಲ್ಲ. ಯಾರಿಗೂ ಹೇಳಿಲ್ಲ.

ಮರಿಯ ಮಾತೆ ನಿನ್ನನ್ನು ಕಾಯಲಿ.

ಇಂತಿ,
ಬುರ್ಗಿ

ಬರೆದು ಮಡಚಿದ ಮೇಲೆ ಸೇರಿಸಿದ್ದು: ಫೋಟೊ ಅರ್ಧ ಮಾತ್ರ ಉಳಿದಿತ್ತು ಎಂದು ಮೇಲೆ ಬರೆದೆ. ಅದು ತಾನಾಗಿ ಹಾಗೆ ಉಳಿದದ್ದಲ್ಲ. ಆ ಮೆಟ್ಟಿಲಿಂದ ಮನೆಗೆ ಬಂದ ಮಧ್ಯಾಹ್ನ ನಾನೇ ಕತ್ತರಿ ಹಾಕಿದೆ. ನೀನಿದ್ದ ತುಂಡನ್ನು ಒಲೆಗೆ ಹಾಕಲು ಕೈ ಬರದೆ ಅಮ್ಮನ ಹಳೆಯ ಪ್ರಾರ್ಥನೆ ಪುಸ್ತಕದಲ್ಲಿ ಸೇರಿಸಿಟ್ಟಿದ್ದೆ. ಆಮೇಲೆ ಆ ಪುಸ್ತಕ ತೆರೆದಿರಲಿಲ್ಲ. ನಿನ್ನೆ ತೆರೆದೆ. ನಿನ್ನ ಒಂದು ಕೈ ಇವರ ಹೆಗಲ ಕಡೆಗೆ ಹೋಗಿದೆ, ಇನ್ನೊಂದನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೇನೆ. ನಿನ್ನನ್ನು ಕತ್ತರಿಸುವ ಸಿಟ್ಟಿನಲ್ಲಿ, ಅದೇ ತುಂಡಿನಲ್ಲಿ ನಾನೂ ಇದ್ದೇನೆ ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನು ಇದರೊಳಗೆ ಇಟ್ಟಿದ್ದೇನೆ. ಹಬ್ಬಕ್ಕೆ ಬರುವುದಾದರೆ ಜೊತೆಗೆ ತಾ. ಇನ್ನರ್ಧ ಇಲ್ಲಿದೆ.